ಕೊಡದ ನೆಲದಲ್ಲಿ ನಿಲ್ಲಿಸಿದ ಚಿಹ್ನೆ

(ಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯ, ಸಾರ್ವಜನಿಕ ಸ್ಥಳಗಳಲ್ಲಿ ಧಾರ್ಮಿಕ ಚಿಹ್ನೆಗಳ ಪ್ರದರ್ಶನ ಮತ್ತು ಅದರಿಂದ ಹುಟ್ಟುವ ವಿವಾದಗಳು. ಈ ಮಾತು ಬಂದೊಡನೆ ಮನಸ್ಸು ಇತರರ ಕಡೆಗೆ ಹೊರಳುವುದು ಸಹಜ. ರಸ್ತೆಯ ನಡುವಿನ ಗುಡಿ, ಪಾದಚಾರಿ ದಾರಿಯ ಮೇಲಿನ ದರ್ಗಾ, ಸರ್ಕಾರಿ ಗುಡ್ಡದ ಮೇಲಿನ ಶಿಲುಬೆ ನೆನಪಿಗೆ ಬರುತ್ತವೆ. ಆದರೆ 2025ರಲ್ಲಿ ಇದೇ ಮುಂಬಯಿಯಲ್ಲಿ ನಡೆದ ಎರಡು ಘಟನೆಗಳ ನಂತರ ಜೈನ ಸಮಾಜವು ಈ ಚರ್ಚೆಯನ್ನು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಕೇಳುವಂತಿಲ್ಲ.

ಮೊದಲನೆಯದು ಏಪ್ರಿಲ್ 16ರಂದು ನಡೆಯಿತು. ವಿಲೆ ಪಾರ್ಲೆ ಪೂರ್ವದಲ್ಲಿದ್ದ ಪಾರ್ಶ್ವನಾಥ ದಿಗಂಬರ ಜಿನಮಂದಿರವನ್ನು ಮಹಾನಗರಪಾಲಿಕೆಯು ಅನಧಿಕೃತ ಕಟ್ಟಡವೆಂದು ಕೆಡವಿತು. ಮೇಲಿನ ನ್ಯಾಯಾಲಯಕ್ಕೆ ಹೋಗುವ ಅವಕಾಶವನ್ನೂ ಕೊಡದೆ ಅವಸರದಿಂದ ಕೆಡವಲಾಯಿತು ಎಂಬುದು ಸಮಾಜದ ಆಕ್ಷೇಪವಾಗಿತ್ತು. ಮೂರು ದಿನಗಳ ನಂತರ ಸಾವಿರಾರು ಜನ ಬೀದಿಗಿಳಿದರು. ರಾಜಕೀಯ ಪಕ್ಷಗಳ ಮುಖಂಡರೂ ಜೊತೆಗೂಡಿದರು. ಎರಡನೆಯದು ಆಗಸ್ಟ್ 6ರಂದು ನಡೆಯಿತು. ದಾದರಿನ ಕಬೂತರ್ ಖಾನಾದಲ್ಲಿ ಪಾರಿವಾಳಗಳಿಗೆ ಕಾಳು ಹಾಕುವುದನ್ನು ತಡೆಯಲು, ಹೈಕೋರ್ಟಿನ ಆದೇಶದ ಹಿನ್ನೆಲೆಯಲ್ಲಿ ಪಾಲಿಕೆ ಹೊದಿಸಿದ್ದ ತಾಡಪತ್ರಿಯನ್ನು ಪ್ರತಿಭಟನಕಾರರು ಹರಿದುಹಾಕಿದರು. ಅವರಲ್ಲಿ ಜೈನ ಸಮಾಜದವರೂ ಇದ್ದರು.

ಏಪ್ರಿಲಿನ ಬೇಡಿಕೆ, ಕಾನೂನಿನ ಕ್ರಮವನ್ನು ಪಾಲಿಸಿರಿ ಎಂಬುದು. ಆಗಸ್ಟಿನ ನಡೆ, ಕಾನೂನು ಬದಿಗೆ ಸರಿಯಲಿ ಎಂಬುದು. ನಾಲ್ಕು ತಿಂಗಳ ಅಂತರದಲ್ಲಿ ಒಂದೇ ಸಮಾಜ, ಒಂದೇ ನಗರದಲ್ಲಿ, ಒಂದೇ ಪಾಲಿಕೆಯ ಎದುರು ಎರಡು ಅಳತೆಗೋಲುಗಳನ್ನು ಹಿಡಿದು ನಿಂತಂತಾಯಿತು. ಸಂಖ್ಯೆಯಲ್ಲಿ ಬಲಾಢ್ಯವಾದ ಸಮುದಾಯಗಳು ಎರಡು ಅಳತೆಗೋಲುಗಳನ್ನು ಇಟ್ಟುಕೊಂಡು ಕೆಲಕಾಲ ದಕ್ಕಿಸಿಕೊಳ್ಳಬಹುದು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಶೇಕಡ ಅರ್ಧದಷ್ಟೂ ಇಲ್ಲದ ಜೈನರಿಗೆ ಅದು ಸಾಧ್ಯವಿಲ್ಲ. ಒಂದೇ ಅಳತೆಗೋಲು ಎಲ್ಲರಿಗೂ ಇರುವುದೇ ಅವರಿಗಿರುವ ರಕ್ಷಣೆ. ಈ ಉಪನ್ಯಾಸದ ಸಾರವೂ ಇಷ್ಟೇ.

ವಿವಾದಗಳು ಜಟಿಲವಾಗುವುದಕ್ಕೆ ಒಂದು ಕಾರಣ, ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುವುದು. ಲೆಕ್ಕಪತ್ರದಲ್ಲಿ ಬೇರೆ ಬೇರೆ ಬಾಬತ್ತುಗಳನ್ನು ಒಂದೇ ಖಾತೆಗೆ ಬರೆದರೆ ತಪ್ಪು ಎಲ್ಲಿದೆಯೆಂದು ತಿಳಿಯುವುದಿಲ್ಲ, ಇಲ್ಲಿಯೂ ಹಾಗೆಯೇ.

ಮೊದಲನೆಯದು, ವ್ಯಕ್ತಿಯ ಮೈಮೇಲಿನ ಚಿಹ್ನೆ. ಹಣೆಯ ತಿಲಕ, ಸಿಖ್ಖರ ಪಗಡಿ, ಮುಸ್ಲಿಂ ಹೆಣ್ಣುಮಕ್ಕಳ ಶಿರವಸ್ತ್ರ, ಕ್ರೈಸ್ತರ ಕೊರಳಿನ ಶಿಲುಬೆ ಈ ವರ್ಗದವು. ಎರಡನೆಯದು, ತಾತ್ಕಾಲಿಕ ಆಚರಣೆ. ಮೆರವಣಿಗೆ, ವಾದ್ಯ, ಧ್ವಜ, ಕೆಲವು ಗಂಟೆಗಳ ಪೆಂಡಾಲು, ಬಂದು ಹೋಗುವಂಥವು. ಮೂರನೆಯದು, ಸಾರ್ವಜನಿಕ ನೆಲದ ಮೇಲಿನ ಶಾಶ್ವತ ಕಟ್ಟಡ, ಪ್ರತಿಮೆ ಅಥವಾ ಸ್ತಂಭ. ನಾಲ್ಕನೆಯದು, ಸರ್ಕಾರವೇ ತನ್ನ ಕಚೇರಿ, ಶಾಲೆ, ನ್ಯಾಯಾಲಯಗಳ ಗೋಡೆಯ ಮೇಲೆ ತೂಗುಹಾಕುವ ಚಿಹ್ನೆ. ಮೊದಲನೆಯದರಲ್ಲಿ ವ್ಯಕ್ತಿಯ ಸ್ವಾತಂತ್ರ್ಯ ಗರಿಷ್ಠ. ನಾಲ್ಕನೆಯದರಲ್ಲಿ ಅದರ ಪ್ರಶ್ನೆಯೇ ಇಲ್ಲ, ಏಕೆಂದರೆ ಅಲ್ಲಿ ಮಾತನಾಡುತ್ತಿರುವುದು ಸರ್ಕಾರ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ಅದೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು. ಎಲ್ಲರಿಗೂ ಸೇರಿದ ನೆಲದ ಮೇಲೆ ಕಟ್ಟುವ ಹಕ್ಕನ್ನು ಅದು ಯಾವ ಧರ್ಮಕ್ಕೂ ಕೊಟ್ಟಿಲ್ಲ.

ಈ ನಾಲ್ಕರಲ್ಲಿ ಮೊದಲನೆಯದರ ಬೆಲೆಯನ್ನು ದಿಗಂಬರ ಜೈನರಷ್ಟು ಚೆನ್ನಾಗಿ ಬಲ್ಲವರು ಯಾರು? ಮಯೂರಪಿಂಛಿ ಹಿಡಿದು, ಕಮಂಡಲುವಿನೊಂದಿಗೆ ರಾಜಮಾರ್ಗದಲ್ಲಿ ನಡೆಯುವ ನಿರ್ಗ್ರಂಥ ಮುನಿಯ ದೇಹವೇ ಒಂದು ಧಾರ್ಮಿಕ ಚಿಹ್ನೆ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1920ರ ದಶಕದ ಕೊನೆಯಲ್ಲಿ ಸಮ್ಮೇದಶಿಖರಜಿಯ ಕಡೆಗೆ, ಆ ಬಳಿಕ ಉತ್ತರದ ನಗರಗಳಿಗೆ ವಿಹಾರ ಮಾಡಿದಾಗ, ದಿಗಂಬರ ಮುನಿಗಳು ಊರೊಳಗೆ ನಡೆಯಬಹುದೇ ಎಂಬುದೇ ಪ್ರಶ್ನೆಯಾಗಿದ್ದ ಕಾಲವದು. ಇಂದು ಪುಣೆಯ ಹೆದ್ದಾರಿಯಲ್ಲಾಗಲಿ ಚೆನ್ನೈಯ ಬೀದಿಯಲ್ಲಾಗಲಿ ಮುನಿಸಂಘವೊಂದು ನಿರಾತಂಕವಾಗಿ ನಡೆದುಹೋದರೆ, ಅದಕ್ಕೆ ಕಾರಣ ಆ ಬೀದಿಯ ಲಕ್ಷಾಂತರ ಅಜೈನರ ಸೈರಣೆ. ಆದುದರಿಂದ ಇನ್ನೊಬ್ಬರ ಮೈಮೇಲಿನ ಚಿಹ್ನೆ ಕಣ್ಣಿಗೆ ಚುಚ್ಚುತ್ತದೆ ಎಂದು ಕೂಗುವವರ ಸಾಲಿನಲ್ಲಿ ಜೈನರು ಕೊನೆಯವರಾಗಿರಬೇಕು. ಶಿರವಸ್ತ್ರದ ಪ್ರಕರಣದಲ್ಲಿ ಕರ್ನಾಟಕದ ಹೈಕೋರ್ಟು 2022ರ ಮಾರ್ಚ್ 15ರಂದು ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನಿತ್ತರು. ನ್ಯಾಯಮೂರ್ತಿಗಳಿಗೇ ಕಠಿಣವಾದ ಆ ಪ್ರಶ್ನೆಯನ್ನು ಸಮಾಜದ ಕೆಲವು ವಾಟ್ಸ್ಯಾಪ್ ಗುಂಪುಗಳು ಒಂದೇ ಸಂಜೆಯಲ್ಲಿ ತೀರ್ಮಾನಿಸಿಬಿಟ್ಟವು. ಆ ತೀರ್ಮಾನದ ಅಳತೆಗೋಲನ್ನು ನಾಳೆ ಯಾರಾದರೂ ಮುನಿವಿಹಾರಕ್ಕೆ ಅನ್ವಯಿಸಿದರೆ ಉತ್ತರವೇನು ಎಂದು ಆ ಗುಂಪುಗಳಲ್ಲಿ ಯಾರೂ ಕೇಳಿಕೊಂಡಂತೆ ಕಾಣಲಿಲ್ಲ.

ಎರಡನೆಯ ವರ್ಗದ ವಿವಾದಕ್ಕೆ ಕನ್ನಡ ನಾಡಿನ ಇತಿಹಾಸದಲ್ಲಿ ಒಂದು ಉಜ್ಜ್ವಲ ಉದಾಹರಣೆಯಿದೆ. ಶ್ರವಣಬೆಳಗೊಳದ ಭಂಡಾರ ಬಸದಿಯಲ್ಲಿರುವ 1368ರ ಶಾಸನವನ್ನು ಬಹುಮಂದಿ ಹೆಸರಿನಿಂದ ಬಲ್ಲರು. ಅದರ ವಿವರಗಳನ್ನು ಬಲ್ಲವರು ಕಡಿಮೆ. ವಿಜಯನಗರದ ಬುಕ್ಕರಾಯನ ಮುಂದೆ ಜೈನರಿಗೂ ಶ್ರೀವೈಷ್ಣವರಿಗೂ ಬಂದ ಜಗಳ ತತ್ತ್ವಸಿದ್ಧಾಂತದ್ದಲ್ಲ. ಪಂಚಮಹಾವಾದ್ಯಗಳನ್ನೂ ಕಳಶವನ್ನೂ ಬಳಸುವ ಹಕ್ಕು ಜೈನರಿಗೆ ಉಂಟೇ ಇಲ್ಲವೇ ಎಂಬುದು ವ್ಯಾಜ್ಯ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಸಾರ್ವಜನಿಕ ಸ್ಥಳದಲ್ಲಿ ಧಾರ್ಮಿಕ ಚಿಹ್ನೆಯ ಪ್ರದರ್ಶನದ ವ್ಯಾಜ್ಯ.

ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನೆಂದೂ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದೂ, ವಾದ್ಯ-ಕಳಶಗಳು ಜೈನರಿಗೆ ಮೊದಲಿನಂತೆ ಸಲ್ಲತಕ್ಕವೆಂದೂ, ಜೈನರಿಗಾಗುವ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ಬಗೆಯಬೇಕೆಂದೂ ಶಾಸನ ಹೇಳುತ್ತದೆ. ಸಭೆಗಳಲ್ಲಿ ಇಷ್ಟನ್ನು ಹೇಳಿ ಚಪ್ಪಾಳೆ ಪಡೆಯುವುದು ವಾಡಿಕೆ. ಆದರೆ ಶಾಸನದ ಉಳಿದ ಭಾಗವೂ ಗಮನಾರ್ಹ. ಬೆಳಗೊಳದ ದೇವರ ರಕ್ಷಣೆಗೆ ತಿರುಮಲೆಯ ತಾತಯ್ಯನು 20 ಮಂದಿ ಕಾವಲುಗಾರರನ್ನು ನೇಮಿಸಬೇಕು. ಅದರ ವೆಚ್ಚಕ್ಕೆ ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳ ದುರಸ್ತಿ ಮತ್ತು ಸುಣ್ಣ ಬಳಿಯುವ ಕೆಲಸ ನಡೆಯಬೇಕು. ಹಕ್ಕಿನೊಂದಿಗೆ ಹೊಣೆ ಬಂದಿತು, ಹೊಣೆಯೊಂದಿಗೆ ಲೆಕ್ಕ ಬಂದಿತು. ಕಾವಲನ್ನು ನೇಮಿಸುವವರು ವೈಷ್ಣವರು, ಹಣ ಕೊಡುವವರು ಜೈನರು. ಹೀಗಾಗಿ ಒಪ್ಪಂದವನ್ನು ಉಳಿಸಿಕೊಳ್ಳುವುದು ಇಬ್ಬರ ಕೆಲಸವೂ ಆಯಿತು. ಜೈನರಿಗೆ ಆ ದಿನ ದೊರೆತದ್ದು ವೈಷ್ಣವರ ಅಂಗಳದಲ್ಲಿ ಒಂದು ಮಾನಸ್ತಂಭವಲ್ಲ. ತಮ್ಮ ಆಚರಣೆಯನ್ನು ತಮ್ಮ ಕ್ರಮದಲ್ಲಿ ನಡೆಸಿಕೊಂಡು ಹೋಗುವ ಭದ್ರತೆ ದೊರೆಯಿತು.

ಮೂರನೆಯ ವರ್ಗ, ಅಂದರೆ ಸಾರ್ವಜನಿಕ ನೆಲದ ಮೇಲಿನ ಶಾಶ್ವತ ಚಿಹ್ನೆ, ಇಂದಿನ ಹೆಚ್ಚಿನ ಕಲಹಗಳ ಮೂಲ. ಇಲ್ಲಿ ಚಿಕ್ಕ ಸಮುದಾಯವೊಂದಕ್ಕೆ ಕಾದಿರುವ ಅಪಾಯವನ್ನು ಅರಿಯಲು ಅಮೆರಿಕದ ಒಂದು ಪ್ರಕರಣ ಬಹಳ ಉಪಯುಕ್ತ. ಯೂಟಾ ರಾಜ್ಯದ ಪ್ಲೆಸೆಂಟ್ ಗ್ರೋವ್ ಎಂಬ ಪಟ್ಟಣದ ಉದ್ಯಾನದಲ್ಲಿ ಬೈಬಲಿನ ಹತ್ತು ಆಜ್ಞೆಗಳ ಕಲ್ಲೊಂದು 1971ರಿಂದ ನಿಂತಿತ್ತು. ಅದು ಒಂದು ಸೇವಾಸಂಘದ ಕೊಡುಗೆ. ಸಮ್ಮಮ್ ಎಂಬ ಪುಟ್ಟ ಧಾರ್ಮಿಕ ಪಂಥದವರು 2003ರಲ್ಲಿ, ತಮ್ಮ ಏಳು ಸೂತ್ರಗಳ ಕಲ್ಲನ್ನೂ ಅದೇ ಉದ್ಯಾನದಲ್ಲಿ ನಿಲ್ಲಿಸಲು ಅನುಮತಿ ಕೇಳಿದರು. ಅವರಿಗೆ ಕೊಟ್ಟಿದ್ದೀರಿ, ಇವರಿಗೂ ಕೊಡಿ ಎಂಬುದು ಅವರ ಸರಳವಾದ ವಾದ. ನಗರಾಡಳಿತ ನಿರಾಕರಿಸಿತು. 2009ರ ಫೆಬ್ರವರಿ 25ರಂದು ಆ ದೇಶದ ಸುಪ್ರೀಂ ಕೋರ್ಟು ಒಮ್ಮತದಿಂದ ನಗರಾಡಳಿತದ ಪರ ತೀರ್ಪಿತ್ತಿತು. ಉದ್ಯಾನದಲ್ಲಿ ಶಾಶ್ವತವಾಗಿ ನಿಂತ ಕಲ್ಲು, ಅದನ್ನು ಕೊಟ್ಟವರು ಯಾರೇ ಆಗಿರಲಿ, ಸರ್ಕಾರದ ಮಾತಾಗುತ್ತದೆ. ತಾನು ಯಾವ ಮಾತನ್ನು ಆಡಬೇಕೆಂದು ಆರಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕಿದೆ ಎಂಬುದು ತೀರ್ಪಿನ ತಿರುಳು.

ಸಾರ್ವಜನಿಕ ನೆಲದಲ್ಲಿ ಧಾರ್ಮಿಕ ಚಿಹ್ನೆಗಳಿಗೆ ಒಮ್ಮೆ ಬಾಗಿಲು ತೆರೆದರೆ ಅದು ಎಲ್ಲರಿಗೂ ತೆರೆಯುತ್ತದೆ ಎಂಬುದು ಭ್ರಮೆ. ಬಾಗಿಲಲ್ಲಿ ನಿಂತು ಯಾರನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವವರು ಚುನಾಯಿತರು. ಅವರನ್ನು ಚುನಾಯಿಸುವುದು ಸಂಖ್ಯೆ. ಇಂದು ಪ್ರಭಾವಿಗಳ ಕೃಪೆಯಿಂದ ಒಂದು ವೃತ್ತದಲ್ಲಿ ಸ್ಥಳ ಸಿಕ್ಕೀತು. ನಾಳೆ ಅದೇ ಕೃಪೆ ಬೇರೆಯವರ ಪಾಲಾದಾಗ ಕೇಳುವುದಕ್ಕೆ ಯಾವ ತತ್ತ್ವವೂ ಕೈಯಲ್ಲಿ ಉಳಿದಿರುವುದಿಲ್ಲ.

ಅಮೆರಿಕದ ಮಾತು ಅಲ್ಲಿಗಿರಲಿ. ಭಾರತದಲ್ಲಿ ಸುಪ್ರೀಂ ಕೋರ್ಟು 2009ರ ಸೆಪ್ಟೆಂಬರ್ 29ರಂದು ಸ್ಪಷ್ಟವಾದ ಆದೇಶವನ್ನೇ ಹೊರಡಿಸಿತು. ರಸ್ತೆ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಮಂದಿರ, ಚರ್ಚು, ಮಸೀದಿ, ಗುರುದ್ವಾರಗಳ ಹೆಸರಿನಲ್ಲಿ ಹೊಸದಾಗಿ ಅನಧಿಕೃತ ಕಟ್ಟಡಗಳಿಗೆ ಅವಕಾಶ ಕೊಡಕೂಡದು; ಈಗಾಗಲೇ ಇರುವವುಗಳನ್ನು ರಾಜ್ಯ ಸರ್ಕಾರಗಳು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಬೇಕು. 2013ರ ಜನವರಿ 18ರಂದು ಅದೇ ಪ್ರಕರಣದಲ್ಲಿ, ಸಾರ್ವಜನಿಕ ರಸ್ತೆ ಮತ್ತು ಪಾದಚಾರಿ ದಾರಿಗಳಲ್ಲಿ ಪ್ರತಿಮೆಗಳ ಸ್ಥಾಪನೆಗೂ ಅನುಮತಿ ಕೊಡಬಾರದೆಂದು ಹೇಳಿತು. ನಿಯಮ ಸ್ಪಷ್ಟವಾಗಿದೆ. ಪಾಲನೆಯ ಕತೆ ಬೇರೆ. 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲೂಕಿನ ಹುಚ್ಚಗಣಿಯ ಮಹದೇವಮ್ಮನ ಗುಡಿಯನ್ನು ಅಧಿಕಾರಿಗಳು ಕೆಡವಿದಾಗ ಎದ್ದ ಕೋಲಾಹಲಕ್ಕೆ ಮಣಿದು, ಕರ್ನಾಟಕದ ವಿಧಾನಮಂಡಲವು ಅಂದಿನವರೆಗೆ ಸಾರ್ವಜನಿಕ ಸ್ಥಳಗಳಲ್ಲಿ ಎದ್ದಿದ್ದ ಧಾರ್ಮಿಕ ಕಟ್ಟಡಗಳನ್ನು ರಕ್ಷಿಸುವ ಕಾಯ್ದೆಯನ್ನೇ ಮಾಡಿತು. 2024ರ ಜನವರಿಯಲ್ಲಿ ಮಂಡ್ಯ ಜಿಲ್ಲೆಯ ಕೆರಗೋಡಿನಲ್ಲಿ 108 ಅಡಿ ಎತ್ತರದ ಧ್ವಜಸ್ತಂಭದಿಂದ ಹನುಮಧ್ವಜವನ್ನು ಆಡಳಿತ ಇಳಿಸಿದಾಗ ಊರೇ ಹೊತ್ತಿಕೊಂಡಂತಾಯಿತು. ಸ್ತಂಭಕ್ಕೆ ಕೊಟ್ಟ ಅನುಮತಿ ರಾಷ್ಟ್ರಧ್ವಜ ಮತ್ತು ನಾಡಧ್ವಜಕ್ಕೆ ಮಾತ್ರ ಎಂಬುದು ಆಡಳಿತದ ವಾದ. ಭಾವನೆಗೆ ಅನುಮತಿ ಪತ್ರ ಬೇಕೆ ಎಂಬುದು ಎದುರಿನ ವಾದ. ಎರಡು ಕಡೆಗಳಲ್ಲೂ ರಾಜಕೀಯ ಪಕ್ಷಗಳು ಬಂದು ಬೆಂಕಿ ಕಾಯಿಸಿಕೊಂಡವು. ಸಾಮಾನ್ಯ ಭಕ್ತನಿಗೆ ಉಳಿದದ್ದು ನೆರೆಮನೆಯವರೊಡನೆ ಮನಸ್ತಾಪ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಜೈನ ಕೀರ್ತಿಸ್ತಂಭ, ಅಹಿಂಸೆಯ ಚಿಹ್ನೆ, ಎತ್ತಿದ ಹಸ್ತ ಇವು ಒಂದು ಮತದ ಚಿಹ್ನೆಗಳಲ್ಲ, ಮಾನವಧರ್ಮದ ಸಂಕೇತಗಳು ಎಂಬುದು ಮೊದಲನೆಯದು. ಮಹಾವೀರರ 2500ನೆಯ ನಿರ್ವಾಣ ಮಹೋತ್ಸವಕ್ಕೆ 1974-75ರಲ್ಲಿ ಕೇಂದ್ರ ಸರ್ಕಾರ ಹಣ ಕೊಟ್ಟಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ದಿಲ್ಲಿಯ ಹೈಕೋರ್ಟು ತಳ್ಳಿಹಾಕಿತು. ಆದ್ದರಿಂದ ಕಾನೂನೂ ಈ ವಾದದ ಪರವಾಗಿದೆ ಎಂದು ಹೇಳುವವರಿದ್ದಾರೆ. ಒಂದು ಉತ್ಸವದ ವೆಚ್ಚ ಬೇರೆ, ಶಾಶ್ವತವಾಗಿ ನೆಲ ಹಿಡಿಯುವುದು ಬೇರೆ ಎಂಬುದನ್ನು ಬದಿಗಿಟ್ಟರೂ, ಈ ವಾದಕ್ಕೆ ತೆರಬೇಕಾದ ಬೆಲೆಯನ್ನು ಯೋಚಿಸಬೇಕು. ಇಟಲಿಯ ಸರ್ಕಾರಿ ಶಾಲೆಗಳ ಶಿಲುಬೆಯನ್ನು ಸೊಯ್ಲೆ ಲಾವ್ಟ್ಸಿ ಎಂಬ ತಾಯಿ ಪ್ರಶ್ನಿಸಿದಾಗ, ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು 2009ರಲ್ಲಿ ಆಕೆಯ ಪರವಾಗಿಯೂ, 2011ರ ಮಾರ್ಚ್ 18ರಂದು ಅದರ ದೊಡ್ಡ ಪೀಠವು 15–2 ಬಹುಮತದಿಂದ ಇಟಲಿಯ ಪರವಾಗಿಯೂ ತೀರ್ಪು ಕೊಟ್ಟವು. ಶಿಲುಬೆ ಉಳಿಯಿತು. ಆದರೆ ಹೇಗೆ? ಗೋಡೆಯ ಮೇಲಿನ ಶಿಲುಬೆ ಮೂಲತಃ ನಿಷ್ಕ್ರಿಯವಾದ ಚಿಹ್ನೆ, ಪಾಠಪ್ರವಚನದಂತೆ ಮಕ್ಕಳ ಮೇಲೆ ಪ್ರಭಾವ ಬೀರುವಂಥದಲ್ಲ ಎಂಬ ಆಧಾರದ ಮೇಲೆ. ತನ್ನ ದೇವರ ಗುರುತು ಯಾರ ಮೇಲೂ ಪರಿಣಾಮ ಮಾಡುವುದಿಲ್ಲವೆಂದು ವಾದಿಸಿ ಗೆಲ್ಲುವುದು ಭಕ್ತನಿಗೆ ಗೆಲುವೇ? ಜಿನಬಿಂಬವು ಬಿಂಬವಾಗುವುದು ಪಂಚಕಲ್ಯಾಣ ಪ್ರತಿಷ್ಠೆಯಿಂದ, ನಿತ್ಯದ ಅಭಿಷೇಕ ಪೂಜೆಗಳಿಂದ. ವೃತ್ತದ ನಡುವೆ ಹೊಗೆ ಧೂಳು ತಿನ್ನುತ್ತಾ, ಚುನಾವಣೆಯ ಬ್ಯಾನರಿಗೆ ಗೂಟವಾಗುತ್ತಾ ನಿಂತ ಚಿಹ್ನೆ ನೋಡುವವರಿಗೆ ಅಲಂಕಾರ ಮಾತ್ರ.

ಎರಡನೆಯ ಆಕ್ಷೇಪ ಇನ್ನೂ ಸಾಮಾನ್ಯವಾದುದು: ಎಲ್ಲರೂ ಮಾಡುತ್ತಿರುವಾಗ ಜೈನರು ಮಾತ್ರ ಏಕೆ ಹಿಂದೆ ಸರಿಯಬೇಕು? ಇದಕ್ಕೆ ಉತ್ತರ ಸಂವಿಧಾನಕ್ಕಿಂತ ಮೊದಲು ಶ್ರಾವಕನ ಅಣುವ್ರತಗಳಲ್ಲಿಯೇ ಇದೆ. ಅಚೌರ್ಯವೆಂದರೆ ಕಳ್ಳತನ ಮಾಡದಿರುವುದು ಎಂದಷ್ಟೇ ಮಕ್ಕಳಿಗೆ ಹೇಳಿಕೊಡಲಾಗುತ್ತದೆ. ಶಾಸ್ತ್ರದ ಲಕ್ಷಣ ಅದಕ್ಕಿಂತ ಕಠಿಣ. ಕೊಡದಿರುವುದನ್ನು ತೆಗೆದುಕೊಳ್ಳುವುದು, ಅಂದರೆ ಅದತ್ತಾದಾನವೇ ಚೌರ್ಯ. ಪಾದಚಾರಿ ದಾರಿ ಯಾರದು? ಬೆಳಿಗ್ಗೆ ಸೊಪ್ಪು ಮಾರುವವಳದು, ಶಾಲೆಗೆ ಹೋಗುವ ಮಗುವಿನದು, ಗಾಲಿಕುರ್ಚಿಯಲ್ಲಿ ಬರುವ ವೃದ್ಧರದು. ಅವರು ಯಾರೂ ಅದನ್ನು ಜಿನಾಲಯಕ್ಕೆ ಕೊಟ್ಟಿಲ್ಲ. ಅವರು ಕೊಡದ ನೆಲದಲ್ಲಿ ತೀರ್ಥಂಕರರನ್ನು ನಿಲ್ಲಿಸಿದರೆ, ಪರಿಗ್ರಹವನ್ನೆಲ್ಲ ತೊರೆದು ಹೋದ ಜಿನನನ್ನೇ ಅತಿಕ್ರಮಣದ ಪಾಲುದಾರನನ್ನಾಗಿ ಮಾಡಿದಂತಾಯಿತು. ಇತರರು ಮಾಡುತ್ತಾರೆ ಎಂಬುದು ವ್ರತಭಂಗಕ್ಕೆ ಎಂದೂ ಸಮಾಧಾನವಾಗಿಲ್ಲ.

ವಿಂಧ್ಯಗಿರಿಯ ಗೊಮ್ಮಟ ಬಯಲಿನಲ್ಲಿಯೇ ನಿಂತಿಲ್ಲವೇ ಎಂದು ಕೆಲವರು ಕೇಳಬಹುದು. ನಿಂತಿದ್ದಾನೆ, ಮೈಲುಗಳ ದೂರಕ್ಕೆ ಕಾಣುತ್ತಾನೆ. ಆದರೆ ಅವನು ನಿಂತಿರುವುದು ತನ್ನ ಬೆಟ್ಟದ ಮೇಲೆ, ತನ್ನ ಪ್ರಾಕಾರದೊಳಗೆ. ಯಾರ ದಾರಿಗೂ ಅಡ್ಡವಾಗಿಲ್ಲ. ನೋಡಬೇಕೆನಿಸಿದವರು ಮೆಟ್ಟಿಲು ಹತ್ತಿ ಹೋಗುತ್ತಾರೆ. ಸಾವಿರ ವರ್ಷಗಳಿಂದ ಅವನ ಗೌರವ ಕುಂದದಿರುವುದಕ್ಕೆ ಅದೂ ಒಂದು ಕಾರಣ.

ಹಾಗಾದರೆ ನಗರಗಳಲ್ಲಿರುವ ಕನ್ನಡ ಜೈನ ಕುಟುಂಬಗಳು ಮಾಡಬೇಕಾದುದೇನು? ಭಾಷಣಕ್ಕಿಂತ ಕಡತಗಳ ಕೆಲಸವೇ ಹೆಚ್ಚು. ಬಸದಿ, ಚೈತ್ಯಾಲಯ, ಸ್ವಾಧ್ಯಾಯ ಭವನಗಳ ಆಡಳಿತ ನೋಡುವ ಪ್ರತಿಯೊಂದು ಟ್ರಸ್ಟೂ ಮೂರು ಕಾಗದಗಳನ್ನು ಮೊದಲು ಹುಡುಕಿ ತೆಗೆಯಬೇಕು: ನೆಲದ ಹಕ್ಕುಪತ್ರ, ಮಂಜೂರಾದ ನಕ್ಷೆ, ಹೌಸಿಂಗ್ ಸೊಸೈಟಿಯ ಆವರಣವಾದರೆ ಸರ್ವಸದಸ್ಯರ ಸಭೆಯ ಲಿಖಿತ ನಿರ್ಣಯ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯಂತೆ ಟ್ರಸ್ಟಿನ ಸ್ಥಿರಾಸ್ತಿಗಳು ಚಾರಿಟಿ ಕಮಿಷನರ ಕಚೇರಿಯ ವಹಿಯಲ್ಲಿ ದಾಖಲಾಗಿರಬೇಕು. ಆಸ್ತಿಯಲ್ಲಾಗಲಿ ವಿಶ್ವಸ್ಥರಲ್ಲಾಗಲಿ ಬದಲಾವಣೆಯಾದರೆ 22ನೆಯ ಕಲಮಿನಂತೆ 90 ದಿನಗಳೊಳಗೆ ವರದಿ ಕೊಡಬೇಕು. ತೀರಿಹೋದ ವಿಶ್ವಸ್ಥರ ಹೆಸರುಗಳೇ ವಹಿಯಲ್ಲಿ ಇನ್ನೂ ನಿಂತಿದ್ದರೆ, ಬುಲ್ಡೋಜರ್ ಬಾಗಿಲಿಗೆ ಬಂದ ದಿನ ನ್ಯಾಯಾಲಯದ ಮುಂದೆ ಅರ್ಜಿದಾರ ಯಾರೆಂಬುದೇ ಪ್ರಶ್ನೆಯಾಗುತ್ತದೆ. ದಿಲ್ಲಿ, ಚೆನ್ನೈ, ಹೈದರಾಬಾದುಗಳಲ್ಲಿ ಕಾನೂನು ಬೇರೆಯಾಗಿರಬಹುದು, ಆದರೆ ಕಾಗದದ ಮಹತ್ತ್ವ ಎಲ್ಲೆಡೆಯೂ ಒಂದೇ. ನೋಟಿಸು ಬಂದ ಮೇಲೆ ಮೆರವಣಿಗೆ ಹೊರಡಿಸುವುದಕ್ಕಿಂತ, ನೋಟಿಸು ಬರುವ ಮೊದಲೇ ಸಕ್ರಮಗೊಳಿಸುವ ಅರ್ಜಿ ಹಾಕುವುದು ಕಡಿಮೆ ಖರ್ಚಿನ ಮತ್ತು ಹೆಚ್ಚು ಮರ್ಯಾದೆಯ ದಾರಿ.

ಮಹಾವೀರ ಜಯಂತಿಯ ಮೆರವಣಿಗೆಗೂ ಇದೇ ಮಾತು ಸಲ್ಲುತ್ತದೆ. ಅನುಮತಿ ಪಡೆದು, ಹೇಳಿದ ದಾರಿಯಲ್ಲಿ, ಹೇಳಿದ ಸಮಯದಲ್ಲಿ ಮುಗಿಸಿದ ಮೆರವಣಿಗೆಯು ಮುಂದಿನ ವರ್ಷದ ಮೆರವಣಿಗೆಗೆ ಜಾಮೀನು. ಬೇರೆ ಧರ್ಮದವರ ಮೆರವಣಿಗೆಗೆ ಅಡ್ಡಿಯಾದಾಗ, ಅವರ ಪ್ರಾರ್ಥನಾಮಂದಿರವನ್ನು ಕ್ರಮ ಮೀರಿ ಕೆಡವಿದಾಗ, ಜೈನ ಸಂಘಗಳು ಒಂದು ಸಾಲಿನ ಖಂಡನೆಯನ್ನಾದರೂ ಬರೆದು ಕಳುಹಿಸಬೇಕು. ವಿಲೆ ಪಾರ್ಲೆಯ ನೋವು ನಿಜವಾದುದಾದರೆ, ಅದು ಬೇರೆಯವರ ನೋವನ್ನು ಗುರುತಿಸುವ ಕಣ್ಣನ್ನೂ ಕೊಡಬೇಕು. ಕಬೂತರ್ ಖಾನಾದ ವಿಷಯದಲ್ಲಿ ನ್ಯಾಯಾಲಯದ ಮುಂದಿದ್ದುದು ಜನರ ಶ್ವಾಸಕೋಶದ ಆರೋಗ್ಯದ ಪ್ರಶ್ನೆ. ಜೀವದಯೆಯ ಹೆಸರಿನಲ್ಲಿ ಪಕ್ಕದ ಚಾಳಿನ ಉಬ್ಬಸ ರೋಗಿಯನ್ನು ಮರೆಯುವುದು ದಯೆಯ ಅರ್ಧ ಲೆಕ್ಕ. ಅಹಿಂಸೆಯ ಖಾತೆಯಲ್ಲಿ ಮನುಷ್ಯನೂ ಒಂದು ಪಂಚೇಂದ್ರಿಯ ಜೀವ.

ಕೊನೆಯದಾಗಿ, ಹಣದ ಮಾತು. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ, ಅಲ್ಲಿಂದ ಹೊರಟು ಬಂದ ಇಲ್ಲಿನ ಅನೇಕ ಕುಟುಂಬಗಳ ಮೂಲ ಊರುಗಳಲ್ಲಿಯೇ, ಸೋರುವ ಬಸದಿಗಳಿವೆ. ದೀಪ ಹಚ್ಚುವ ಪುರೋಹಿತನಿಗೆ ಸಂಬಳವಿಲ್ಲದ ಬಸದಿಗಳಿವೆ. ಅವು ನಿಂತಿರುವ ನೆಲದ ಮೇಲೆ ಯಾರ ತಕರಾರೂ ಇಲ್ಲ. ತಲೆಮಾರುಗಳ ಹಿಂದೆ ದತ್ತಿಯಾಗಿ ಬಂದ, ಕೊಟ್ಟ ನೆಲ ಅದು. ಕೊಡದ ನೆಲದಲ್ಲಿ ಹೊಸ ಚಿಹ್ನೆಯನ್ನು ನಿಲ್ಲಿಸಲು ಚಂದಾ ಎತ್ತುವ ಮೊದಲು, ಕೊಟ್ಟ ನೆಲದಲ್ಲಿ ಕುಸಿಯುತ್ತಿರುವ ಚಿಹ್ನೆಯನ್ನು ಎತ್ತಿ ನಿಲ್ಲಿಸಬೇಕಲ್ಲವೇ? ಮನೆಗೊಂದು ಹಣ ಕೊಟ್ಟು, ಕಾವಲಿನ ವೆಚ್ಚ ಕಳೆದು ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿರಿ ಎಂದು 1368ರಲ್ಲಿ ಕಲ್ಲಿನ ಮೇಲೆ ಬರೆದದ್ದು ಇನ್ನೂ ಅಳಿಸಿಲ್ಲ. ಈ ವರ್ಷದ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಪ್ರತಿಯೊಂದು ಸಂಘವೂ ತನ್ನ ಸದಸ್ಯರ ಊರುಗಳ ಒಂದು ಬಸದಿಯ ಹೆಸರನ್ನಾದರೂ ಬರೆದುಕೊಳ್ಳಲಿ.